ಆಹಾರೇತರ ಕೈಗಾರಿಕೆಗಳಲ್ಲಿ ಮಾರ್ಪಡಿಸಿದ ಪಿಷ್ಟದ ಉಪಯೋಗಗಳು: ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಭಾಗದ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಅನ್ನ ಬಸಿದ ಗಂಜಿಯನ್ನು ಹತ್ತಿ ಸೀರೆಗೆ ಹಾಕಿ ಒಣಗಿಸುವುದು, ಮೈದಾ ಹಿಟ್ಟನ್ನು ಕುದಿಸಿ ಪುಸ್ತಕದ ರಟ್ಟಿಗೆ ಅಂಟು ಮಾಡುವುದು ಕನ್ನಡ ನಾಡಿನ ಮನೆಗಳಿಗೆ ಹೊಸತಲ್ಲ. ಈ ಎರಡೂ ಕೆಲಸಗಳಲ್ಲಿ ದುಡಿಯುವ ವಸ್ತು ಪಿಷ್ಟ. ಇದೇ ಪಿಷ್ಟವನ್ನು ಶಾಖ, ಆಮ್ಲ, ಕಿಣ್ವ ಅಥವಾ ರಾಸಾಯನಿಕಗಳ ನೆರವಿನಿಂದ ನಿರ್ದಿಷ್ಟ ಕೆಲಸಕ್ಕೆ ಒಗ್ಗುವಂತೆ ಬದಲಾಯಿಸಿದಾಗ ಅದನ್ನು ಮಾರ್ಪಡಿಸಿದ ಪಿಷ್ಟ ಎಂದು ಕರೆಯಲಾಗುತ್ತದೆ. ಜವಳಿ, ಕಾಗದ, ರಟ್ಟಿನ ಪೆಟ್ಟಿಗೆ, ಅಂಟು, ಔಷಧ ಮುಂತಾದ ಹತ್ತಾರು ಕೈಗಾರಿಕೆಗಳಲ್ಲಿ ಇದು ಬಳಕೆಯಲ್ಲಿದೆ.

2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ರಾಮನಗರ ಜಿಲ್ಲೆಯನ್ನು 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಪುನರ್ನಾಮಕರಣ ಮಾಡಲಾಗಿದೆ. ಈ ಭಾಗದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ, ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳ ತಯಾರಿಕೆ, ಹಾಗೂ ಬಿಡದಿ ಮತ್ತು ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ಘಟಕಗಳು ಒಂದೇ ಜಿಲ್ಲೆಯಲ್ಲಿ ನೆಲೆಗೊಂಡಿವೆ. ಪಿಷ್ಟವನ್ನು ಬಳಸುವ ಸಣ್ಣ ಘಟಕಗಳನ್ನು ಸ್ಥಾಪಿಸಲಿಚ್ಛಿಸುವ ಅರ್ಜಿದಾರರು ಸಾಲ ಪಡೆಯುವ ಅಥವಾ ಯಂತ್ರ ಖರೀದಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ನೀಡಲಾಗಿದೆ.

2. ಪಿಷ್ಟದ ಸ್ವರೂಪ

ಸಸ್ಯಗಳು ತಮ್ಮ ಆಹಾರವನ್ನು ಕಾಳು, ಗೆಡ್ಡೆ ಮತ್ತು ಬೇರುಗಳಲ್ಲಿ ಸಣ್ಣ ಕಣಗಳ ರೂಪದಲ್ಲಿ ಸಂಗ್ರಹಿಸಿಡುತ್ತವೆ. ಈ ಕಣಗಳೇ ಪಿಷ್ಟ. ಪ್ರತಿ ಕಣದಲ್ಲಿಯೂ ಗ್ಲೂಕೋಸ್ ಘಟಕಗಳ ಎರಡು ಬಗೆಯ ಸರಪಳಿಗಳಿರುತ್ತವೆ.

(ಅ) ಅಮೈಲೋಸ್: ಬಹುಮಟ್ಟಿಗೆ ನೇರವಾದ ಸರಪಳಿ. ಗಂಜಿ ತಣಿದಾಗ ಗಟ್ಟಿಯಾಗುವುದಕ್ಕೆ ಮತ್ತು ಒಣಗಿದಾಗ ಪೊರೆ ಕಟ್ಟುವುದಕ್ಕೆ ಇದು ಕಾರಣ.

(ಆ) ಅಮೈಲೋಪೆಕ್ಟಿನ್: ಕವಲೊಡೆದ ಸರಪಳಿ. ಗಂಜಿಗೆ ಜಿಗುಟುತನ ನೀಡುವುದು ಇದೇ.

ಸಾಧಾರಣ ಮುಸುಕಿನ ಜೋಳದ ಪಿಷ್ಟದಲ್ಲಿ ಸುಮಾರು ಕಾಲು ಭಾಗ ಅಮೈಲೋಸ್ ಇರುತ್ತದೆ. ಮರಗೆಣಸಿನ ಪಿಷ್ಟದಲ್ಲಿ ಇದರ ಪ್ರಮಾಣ ಅದಕ್ಕಿಂತ ಕಡಿಮೆ. ಆದ್ದರಿಂದಲೇ ಮರಗೆಣಸಿನ ಗಂಜಿ ಹೆಚ್ಚು ಪಾರದರ್ಶಕವಾಗಿಯೂ ಅಂಟಾಗಿಯೂ ಇರುತ್ತದೆ, ಜೋಳದ ಗಂಜಿ ತಣಿದೊಡನೆ ಹೆಪ್ಪುಗಟ್ಟುತ್ತದೆ.

ತಣ್ಣೀರಿನಲ್ಲಿ ಪಿಷ್ಟ ಕರಗುವುದಿಲ್ಲ, ತಳದಲ್ಲಿ ಕೂರುತ್ತದೆ. ನೀರನ್ನು ಸುಮಾರು 60 ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಕಣಗಳು ನೀರು ಹೀರಿ ಉಬ್ಬಿ ಗಂಜಿಯಾಗುತ್ತವೆ. ಪಿಷ್ಟವಿರುವುದನ್ನು ಗುರುತಿಸಲು ದುರ್ಬಲ ಅಯೋಡಿನ್ ದ್ರಾವಣದ ಒಂದು ಹನಿ ಸಾಕು. ನೀಲಿ ಅಥವಾ ನೇರಳೆ ಬಣ್ಣ ಕಾಣಿಸಿಕೊಳ್ಳುತ್ತದೆ.

3. ಮಾರ್ಪಾಡಿನ ಅಗತ್ಯ

ಸಹಜ ಪಿಷ್ಟದಲ್ಲಿ ಕೈಗಾರಿಕೆಗೆ ಒಗ್ಗದ ಕೆಲವು ಗುಣಗಳಿವೆ. ಅದರ ಗಂಜಿ ಅತಿ ಮಂದವಾಗಿರುವುದರಿಂದ ಯಂತ್ರದ ಕೊಳವೆಗಳಲ್ಲಿ ಸರಾಗವಾಗಿ ಹರಿಯುವುದಿಲ್ಲ. ಹೆಚ್ಚು ಹೊತ್ತು ಕುದಿಸಿ ಕಡೆದರೆ ತೆಳುವಾಗುತ್ತದೆ. ತಣಿದಾಗ ಹೆಪ್ಪುಗಟ್ಟಿ ನೀರು ಬಿಡುತ್ತದೆ. ಒಣಗಿದ ಪೊರೆ ಬಿರುಸಾಗಿದ್ದು ಮುರಿಯುತ್ತದೆ. ಎರಡು ಮೂರು ದಿನಗಳಲ್ಲಿ ಹುಳಿತು ಬೂಷ್ಟು ಹಿಡಿಯುತ್ತದೆ. ಈ ಕೊರತೆಗಳಲ್ಲಿ ಯಾವುದನ್ನು ನೀಗಿಸಬೇಕು ಎಂಬುದರ ಮೇಲೆ ಮಾರ್ಪಾಡಿನ ವಿಧಾನ ನಿರ್ಧಾರವಾಗುತ್ತದೆ. ಆದುದರಿಂದ ಎಲ್ಲ ಕೆಲಸಕ್ಕೂ ಸಲ್ಲುವ ಒಂದೇ ಮಾರ್ಪಡಿಸಿದ ಪಿಷ್ಟ ಎಂಬುದು ಇರುವುದಿಲ್ಲ.

4. ಮಾರ್ಪಾಡಿನ ಮುಖ್ಯ ವಿಧಗಳು

(1) ಆಮ್ಲದಿಂದ ತೆಳುವಾಗಿಸಿದ ಪಿಷ್ಟ: ಕಣಗಳು ಬೇಯದಷ್ಟು ಬಿಸಿಯಲ್ಲಿ ದುರ್ಬಲ ಆಮ್ಲದೊಂದಿಗೆ ಇರಿಸಿ ನಂತರ ತೊಳೆದು ಒಣಗಿಸಲಾಗುತ್ತದೆ. ಸರಪಳಿಗಳು ತುಂಡಾಗುವುದರಿಂದ ಗಂಜಿ ತೆಳುವಾಗುತ್ತದೆ. ಜವಳಿ ಹಾಸಿಗೆ ಗಂಜಿ ಹಾಕಲು ಮತ್ತು ಜಿಪ್ಸಂ ಹಲಗೆಗಳ ತಯಾರಿಕೆಯಲ್ಲಿ ಬಳಕೆ.

(2) ಉತ್ಕರ್ಷಿತ ಪಿಷ್ಟ: ಸೋಡಿಯಂ ಹೈಪೋಕ್ಲೋರೈಟ್‌ನಿಂದ ತಯಾರಿಸಲಾಗುತ್ತದೆ. ಬಿಳುಪು ಮತ್ತು ಪಾರದರ್ಶಕತೆ ಹೆಚ್ಚು. ಕಾಗದದ ಮೇಲ್ಮೈ ಲೇಪನಕ್ಕೆ ಮತ್ತು ಬಟ್ಟೆಯ ಅಂತಿಮ ಹದಕ್ಕೆ ಬಳಕೆ.

(3) ಡೆಕ್ಸ್‌ಟ್ರಿನ್: ಒಣ ಪಿಷ್ಟವನ್ನು ಅಲ್ಪ ಆಮ್ಲದೊಂದಿಗೆ ಅಥವಾ ಆಮ್ಲವಿಲ್ಲದೆ ಹುರಿದು ಪಡೆಯಲಾಗುತ್ತದೆ. ಬಿಳಿ ಮತ್ತು ಹಳದಿ ಎಂಬ ಬಗೆಗಳಿವೆ. ಲಕೋಟೆ, ಚೀಟಿ ಮತ್ತು ಲೇಬಲ್‌ಗಳ ಅಂಟಿಗೆ ಬಳಕೆ.

(4) ಧನ ಆವೇಶದ ಪಿಷ್ಟ: ಕಾಗದದ ನಾರಿಗೆ ಋಣ ಆವೇಶವಿರುವುದರಿಂದ ಈ ಪಿಷ್ಟ ನಾರನ್ನು ಬಿಗಿಯಾಗಿ ಹಿಡಿಯುತ್ತದೆ. ಕಾಗದದ ತಿರುಳಿಗೆ ಸೇರಿಸಲು ಬಳಕೆ.

(5) ಅಡ್ಡಬಂಧಿತ ಪಿಷ್ಟ: ಸರಪಳಿಗಳ ನಡುವೆ ಅಡ್ಡ ಬೆಸುಗೆ ಹಾಕಿರುವುದರಿಂದ ಶಾಖ ಮತ್ತು ಕಡೆತವನ್ನು ತಾಳಿಕೊಳ್ಳುತ್ತದೆ.

(6) ಅಸಿಟೇಟ್, ಹೈಡ್ರಾಕ್ಸಿಈಥೈಲ್ ಮತ್ತು ಕಾರ್ಬಾಕ್ಸಿಮೀಥೈಲ್ ಪಿಷ್ಟಗಳು: ಗಂಜಿ ಹೆಪ್ಪುಗಟ್ಟುವುದನ್ನು ತಡೆಯುತ್ತವೆ, ಮೃದುವಾದ ಪೊರೆ ಕೊಡುತ್ತವೆ. ಜವಳಿ, ಬಟ್ಟೆಯ ಮುದ್ರಣ ಹಾಗೂ ಕಾಗದ ಲೇಪನದಲ್ಲಿ ಬಳಕೆ.

(7) ಮೊದಲೇ ಬೇಯಿಸಿ ಒಣಗಿಸಿದ ಪಿಷ್ಟ: ಬಿಸಿ ಉರುಳೆಗಳ ಮೇಲೆ ಬೇಯಿಸಿ ಒಣಗಿಸಿ ಪುಡಿ ಮಾಡಲಾಗುತ್ತದೆ. ತಣ್ಣೀರಿನಲ್ಲಿಯೇ ಗಂಜಿಯಾಗುತ್ತದೆ. ಎರಕದ ಅಚ್ಚುಗಳ ಮರಳನ್ನು ಹಿಡಿದಿಡಲು ಮತ್ತು ಕೊಳವೆಬಾವಿ ಹಾಗೂ ತೈಲಬಾವಿ ಕೊರೆಯುವ ಕೆಸರಿನಲ್ಲಿ ಬಳಕೆ.

5. ಆಹಾರೇತರ ಉಪಯೋಗಗಳು

5.1 ಹತ್ತಿ ನೇಯ್ಗೆ

ಮಗ್ಗದ ಮೇಲೆ ಹಾಸಿನ ಎಳೆಗಳು ಸಾವಿರಾರು ಬಾರಿ ಉಜ್ಜಿಕೊಳ್ಳುತ್ತವೆ. ಎಳೆಯಿಂದ ಹೊರಚಾಚಿದ ನವಿರು ನಾರುಗಳು ಒಂದಕ್ಕೊಂದು ಸಿಕ್ಕಿ ಎಳೆ ಕಡಿಯುತ್ತದೆ. ಇದನ್ನು ತಪ್ಪಿಸಲು ಹಾಸಿಗೆ ಗಂಜಿ ಹಾಕಲಾಗುತ್ತದೆ. ಕೈಮಗ್ಗದ ನೇಕಾರರು ಅಕ್ಕಿ ಮತ್ತು ರಾಗಿಯ ಗಂಜಿಯನ್ನು ಬಳಸುತ್ತ ಬಂದಿದ್ದಾರೆ. ಗಿರಣಿಗಳಲ್ಲಿ ತೆಳುವಾಗಿಸಿದ ಪಿಷ್ಟವನ್ನು ಬಳಸಲಾಗುತ್ತದೆ. ಹತ್ತಿ ನೂಲಿನ ತೂಕದ ಶೇ. 8 ರಿಂದ 15 ರಷ್ಟು ಗಂಜಿ ಸಾಮಾನ್ಯವಾಗಿ ನೂಲಿಗೆ ಹತ್ತುತ್ತದೆ. ಹೊಕ್ಕಿನ ಎಳೆಗೆ ಇದರ ಅಗತ್ಯವಿರುವುದಿಲ್ಲ.

ನೇಯ್ಗೆ ಮುಗಿದ ಮೇಲೆ, ಬಣ್ಣ ಹಾಕುವ ಮೊದಲು ಈ ಗಂಜಿಯನ್ನು ಪೂರ್ಣವಾಗಿ ತೆಗೆಯಬೇಕು. ಇದಕ್ಕೆ ಅಮೈಲೇಸ್ ಎಂಬ ಕಿಣ್ವವನ್ನು ಬಳಸಲಾಗುತ್ತದೆ. ಗಂಜಿ ಉಳಿದ ಕಡೆ ಬಣ್ಣ ಹಿಡಿಯದೆ ಕಲೆಗಳಾಗುತ್ತವೆ. ಬಣ್ಣದ ಘಟಕದವರು ಒಂದು ಹನಿ ಅಯೋಡಿನ್‌ನಿಂದ ಬಟ್ಟೆಯನ್ನು ಪರೀಕ್ಷಿಸಿ ನಂತರ ಬಣ್ಣದ ತೊಟ್ಟಿಗೆ ಇಳಿಸುವುದು ಉತ್ತಮ.

5.2 ರೇಷ್ಮೆ ಮತ್ತು ಪಿಷ್ಟ

ಏಷ್ಯಾದ ಅತಿ ದೊಡ್ಡ ರೇಷ್ಮೆಗೂಡು ಮಾರುಕಟ್ಟೆಯೆಂದು ಹೆಸರಾದ ಮಾರುಕಟ್ಟೆ ರಾಮನಗರದಲ್ಲಿದೆ. ರೇಷ್ಮೆ ಘಟಕಗಳಿಗೆ ಗಂಜಿ ಪೂರೈಸುವ ಉದ್ದೇಶದಿಂದ ಅರ್ಜಿ ಸಲ್ಲಿಸುವವರು ಒಂದು ಅಂಶವನ್ನು ಗಮನಿಸಬೇಕು. ರೇಷ್ಮೆ ಹುಳು ಉಗುಳುವ ಎಳೆಯಲ್ಲಿ ಫೈಬ್ರೋಯಿನ್ ಎಂಬ ಎರಡು ಎಳೆಗಳಿದ್ದು, ಅವುಗಳನ್ನು ಸೆರಿಸಿನ್ ಎಂಬ ಅಂಟು ಸುತ್ತುವರಿದಿರುತ್ತದೆ. ಈ ಅಂಟು ಎಳೆಯ ತೂಕದ ಸುಮಾರು ನಾಲ್ಕನೇ ಒಂದು ಭಾಗದಷ್ಟಿರುತ್ತದೆ. ಗೂಡನ್ನು ಬೇಯಿಸಿದಾಗ ಸೆರಿಸಿನ್ ಮೆತ್ತಗಾಗಿ ಎಳೆ ಬಿಚ್ಚುತ್ತದೆ. ಹಲವು ಗೂಡುಗಳ ಎಳೆಗಳನ್ನು ಒಟ್ಟು ಸೇರಿಸಿ ಸುತ್ತಿದಾಗ ಅದೇ ಸೆರಿಸಿನ್ ಒಣಗಿ ಅವುಗಳನ್ನು ಒಂದೇ ನೂಲಾಗಿ ಬೆಸೆಯುತ್ತದೆ. ಹತ್ತಿಯ ಹಾಸಿನಲ್ಲಿ ಪಿಷ್ಟ ಮಾಡುವ ಕೆಲಸವನ್ನು ಕಚ್ಚಾ ರೇಷ್ಮೆಯಲ್ಲಿ ಸೆರಿಸಿನ್ ತಾನೇ ಮಾಡುವುದರಿಂದ ನೂಲು ಬಿಚ್ಚಾಣಿಕೆ ಘಟಕಗಳಿಗೆ ಪಿಷ್ಟದ ಅಗತ್ಯವಿಲ್ಲ. ಅಂಟು ತೆಗೆದ ರೇಷ್ಮೆ ಬಟ್ಟೆಗೆ ಅಂತಿಮ ಹದ ನೀಡುವ ಹಂತದಲ್ಲಿ ಮಾತ್ರ ತೆಳುವಾದ ಗಂಜಿ ಅಥವಾ ಇತರ ಹದಕಾರಿಗಳಿಗೆ ಎಡೆಯಿದೆ. ಆದಕಾರಣ ಗೂಡು ಮಾರುಕಟ್ಟೆಯ ವಹಿವಾಟನ್ನು ಪಿಷ್ಟದ ಬೇಡಿಕೆ ಎಂದು ಯೋಜನಾ ವರದಿಯಲ್ಲಿ ತೋರಿಸುವುದು ಸರಿಯಲ್ಲ.

5.3 ಕೊರುಗೇಟೆಡ್ ರಟ್ಟಿನ ಪೆಟ್ಟಿಗೆ

ಈ ಭಾಗದ ಸಣ್ಣ ಉದ್ಯಮಿಗಳಿಗೆ ಹೆಚ್ಚು ಹತ್ತಿರವಾದ ಉಪಯೋಗ ಇದು. ಅಲೆಯಾಕಾರದ ಕಾಗದವನ್ನು ಎರಡು ಸಮತಟ್ಟು ಕಾಗದಗಳ ನಡುವೆ ಅಂಟಿಸಿ ರಟ್ಟು ತಯಾರಿಸಲಾಗುತ್ತದೆ. ಅಮೆರಿಕದಲ್ಲಿ 1930ರ ದಶಕದಲ್ಲಿ ರೂಪುಗೊಂಡ ಸ್ಟೈನ್-ಹಾಲ್ ವಿಧಾನ ಇಂದಿಗೂ ಇದರ ಆಧಾರವಾಗಿದೆ. ಈ ವಿಧಾನದಲ್ಲಿ ಪಿಷ್ಟದ ಸಣ್ಣ ಭಾಗವನ್ನು ಕಾಸ್ಟಿಕ್ ಸೋಡಾದೊಂದಿಗೆ ಬೇಯಿಸಿ ಗಂಜಿ ಮಾಡಲಾಗುತ್ತದೆ. ದೊಡ್ಡ ಭಾಗವನ್ನು ಬೇಯಿಸದೆ, ಬಿಳಿಗಾರದೊಂದಿಗೆ (ಬೋರಾಕ್ಸ್) ಅದರಲ್ಲಿ ಕಲಸಲಾಗುತ್ತದೆ. ಬೆಂದ ಗಂಜಿ ಹಸಿ ಕಣಗಳು ತಳಕ್ಕೆ ಕೂರದಂತೆ ಹಿಡಿದಿಡುತ್ತದೆ. ಕಾಗದ ಬಿಸಿ ತಟ್ಟೆಯ ಮೇಲೆ ಸಾಗುವಾಗ ಹಸಿ ಕಣಗಳು ಅಂಟಿನ ಗೆರೆಯಲ್ಲಿಯೇ ಬೆಂದು ಕ್ಷಣಮಾತ್ರದಲ್ಲಿ ಹಿಡಿಯುತ್ತವೆ. ಕಾಸ್ಟಿಕ್ ಸೋಡಾ ಪಿಷ್ಟ ಬೇಯುವ ಉಷ್ಣತೆಯನ್ನು ತಗ್ಗಿಸುತ್ತದೆ, ಬಿಳಿಗಾರ ಜಿಗುಟನ್ನು ಹೆಚ್ಚಿಸುತ್ತದೆ.

ಸಣ್ಣ ಘಟಕಗಳಲ್ಲಿ ಬಿಸಿ ತಟ್ಟೆಯಿಲ್ಲದೆ ರಟ್ಟನ್ನು ಒತ್ತಿ ಒಣಗಿಸುವುದುಂಟು. ಅಂತಹ ಕಡೆ ತಣ್ಣೀರಿನಲ್ಲಿ ಕಲಸಬಹುದಾದ, ಮೊದಲೇ ಬೇಯಿಸಿದ ಪಿಷ್ಟದ ಅಂಟುಪುಡಿ ಅನುಕೂಲ. ಅಂಟಿನಲ್ಲಿ ನೀರು ಹೆಚ್ಚಾದರೆ ರಟ್ಟು ಬಾಗುತ್ತದೆ, ಒಣಗಲು ಹೊತ್ತು ಹಿಡಿಯುತ್ತದೆ. ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಮಾವಿನಹಣ್ಣಿನಂತಹ ತೇವಾಂಶವುಳ್ಳ ಸರಕು ತುಂಬುವ ಪೆಟ್ಟಿಗೆಗಳಿಗೆ ಸಾಮಾನ್ಯ ಪಿಷ್ಟದ ಅಂಟು ಸಾಲದು, ನೀರು ತಡೆಯುವ ರಾಳವನ್ನು ಸೇರಿಸಿದ ಅಂಟು ಬೇಕಾಗುತ್ತದೆ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಬಣ್ಣ ಅರಗಿನದು, ಅದರಲ್ಲಿ ಪಿಷ್ಟಕ್ಕೆ ಸ್ಥಾನವಿಲ್ಲ. ಆದರೆ ಗೊಂಬೆಗಳನ್ನು ದೂರದ ಊರುಗಳಿಗೆ ಕಳುಹಿಸುವ ಪೆಟ್ಟಿಗೆ ಮತ್ತು ಲೇಬಲ್‌ಗಳಿಗೆ ಪಿಷ್ಟದ ಅಂಟು ಒದಗುತ್ತದೆ.

5.4 ಕಾಗದ

ಆಹಾರೇತರ ಕ್ಷೇತ್ರದಲ್ಲಿ ಪಿಷ್ಟವನ್ನು ಅತಿ ಹೆಚ್ಚು ಬಳಸುವ ಕೈಗಾರಿಕೆಗಳಲ್ಲಿ ಕಾಗದ ತಯಾರಿಕೆ ಪ್ರಮುಖವಾದುದು. ತಿರುಳಿನ ಹಂತದಲ್ಲಿ ಸೇರಿಸುವ ಧನ ಆವೇಶದ ಪಿಷ್ಟ ನಾರುಗಳನ್ನು ಬೆಸೆದು ಕಾಗದದ ಬಲವನ್ನು ಹೆಚ್ಚಿಸುತ್ತದೆ, ಸುಣ್ಣದಂತಹ ಪುಡಿಗಳು ನೀರಿನೊಂದಿಗೆ ಹರಿದುಹೋಗುವುದನ್ನು ತಗ್ಗಿಸುತ್ತದೆ. ಒಣಗಿದ ಕಾಗದದ ಮೇಲೆ ಲೇಪಿಸುವ ಉತ್ಕರ್ಷಿತ ಪಿಷ್ಟ ಶಾಯಿ ಹರಡದಂತೆ ಮಾಡುತ್ತದೆ. ಹಳೆಯ ಕಾಗದವನ್ನು ಮರುಬಳಸುವ ಕಾರ್ಖಾನೆಗಳಲ್ಲಿ ನಾರು ಗಿಡ್ಡವಾಗುವುದರಿಂದ ಪಿಷ್ಟದ ಅಗತ್ಯ ಇನ್ನೂ ಹೆಚ್ಚು.

5.5 ಅಂಟುಗಳು

ಲಕೋಟೆ, ಕಾಗದದ ಚೀಲ, ಪುಸ್ತಕ ಕಟ್ಟುವಿಕೆ, ಗೋಡೆ ಕಾಗದ ಮತ್ತು ಗಾಜಿನ ಬಾಟಲಿಯ ಲೇಬಲ್‌ಗಳಿಗೆ ಡೆಕ್ಸ್‌ಟ್ರಿನ್ ಮತ್ತು ಪಿಷ್ಟದ ಅಂಟುಗಳನ್ನು ಬಳಸಲಾಗುತ್ತದೆ. ಮೈದಾ ಅಂಟಿಗೆ ಹುಳು ಹತ್ತದಂತೆ ಮೈಲುತುತ್ತ ಸೇರಿಸುವುದು ಹಳೆಯ ರೂಢಿ. ಮೈಲುತುತ್ತ ವಿಷಕಾರಿ, ಆದ್ದರಿಂದ ತಿನಿಸು ತುಂಬುವ ಕಾಗದದ ಚೀಲ ಮತ್ತು ಪೆಟ್ಟಿಗೆಗಳ ಅಂಟಿಗೆ ಅದನ್ನು ಸೇರಿಸಬಾರದು.

5.6 ಔಷಧ ಮತ್ತು ವೈದ್ಯಕೀಯ

ಮಾತ್ರೆಗಳಲ್ಲಿ ಪುಡಿಯನ್ನು ಹಿಡಿದಿಡಲು ಪಿಷ್ಟದ ಗಂಜಿಯನ್ನೂ, ಹೊಟ್ಟೆಯಲ್ಲಿ ಮಾತ್ರೆ ಬೇಗನೆ ಬಿಚ್ಚಿಕೊಳ್ಳಲು ಸೋಡಿಯಂ ಸ್ಟಾರ್ಚ್ ಗ್ಲೈಕೊಲೇಟ್ ಎಂಬ ಮಾರ್ಪಡಿಸಿದ ಪಿಷ್ಟವನ್ನೂ ಬಳಸಲಾಗುತ್ತದೆ. ಈ ದರ್ಜೆಯ ಪಿಷ್ಟ ಭಾರತೀಯ ಔಷಧ ಸಂಹಿತೆಯ ಮಾನದಂಡಗಳಿಗೆ ಹೊಂದಬೇಕು. ಸಾಧಾರಣ ಘಟಕದಲ್ಲಿ ತಯಾರಿಸಲು ಬರುವಂತಹುದಲ್ಲ. ಶಸ್ತ್ರಚಿಕಿತ್ಸೆಯ ಕೈಗವಸುಗಳಿಗೆ ಹಿಂದೆ ಅಡ್ಡಬಂಧಿತ ಪಿಷ್ಟದ ಪುಡಿ ಹಚ್ಚಲಾಗುತ್ತಿತ್ತು. ಪುಡಿಯಿಂದ ಉಸಿರಾಟದ ಅಲರ್ಜಿ ಮತ್ತು ಗಾಯಗಳಲ್ಲಿ ತೊಂದರೆ ಉಂಟಾಗುವುದೆಂಬ ಕಾರಣಕ್ಕೆ ಅಮೆರಿಕ ದೇಶ ಪುಡಿ ಹಚ್ಚಿದ ವೈದ್ಯಕೀಯ ಕೈಗವಸುಗಳನ್ನು 2017ರ ಜನವರಿಯಿಂದ ನಿಷೇಧಿಸಿದೆ. ರಫ್ತಿನ ಉದ್ದೇಶವುಳ್ಳವರು ಇದನ್ನು ಗಮನಿಸತಕ್ಕದ್ದು.

5.7 ಇತರ ಉಪಯೋಗಗಳು

ಕಬ್ಬಿಣದ ಅದಿರಿನಿಂದ ಮರಳನ್ನು ಬೇರ್ಪಡಿಸುವ ತೇಲಿಕೆ ವಿಧಾನ, ನೀರಿನ ಶುದ್ಧೀಕರಣ, ಹೋಳಿಯ ಬಣ್ಣದ ಪುಡಿ, ಮುಖಕ್ಕೆ ಹಚ್ಚುವ ಪುಡಿ ಮುಂತಾದವುಗಳಲ್ಲಿಯೂ ಪಿಷ್ಟದ ಬಳಕೆ ಇದೆ. 1970ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ಪಿಯೋರಿಯಾ ಪ್ರಯೋಗಾಲಯದಲ್ಲಿ, ತನ್ನ ತೂಕದ ನೂರಾರು ಪಟ್ಟು ನೀರು ಹೀರುವ ಪಿಷ್ಟಾಧಾರಿತ ವಸ್ತುವನ್ನು ರೂಪಿಸಲಾಯಿತು. ಮಣ್ಣಿನಲ್ಲಿ ತೇವ ಹಿಡಿದಿಡಲು ಬಳಸುವ ನೀರುಹೀರುಕಗಳಿಗೆ ಇದು ನಾಂದಿಯಾಯಿತು.

6. ಪಿಷ್ಟಾಧಾರಿತ ಚೀಲಗಳು: ಅರ್ಜಿದಾರರಿಗೆ ವಿಶೇಷ ಸೂಚನೆ

ಪಿಷ್ಟವನ್ನು ಗ್ಲಿಸರಿನ್‌ನಂತಹ ಮೃದುಕಾರಿಯೊಂದಿಗೆ ಶಾಖದಲ್ಲಿ ನಾದಿದರೆ ಪ್ಲಾಸ್ಟಿಕ್‌ನಂತೆ ಹದಗೊಳ್ಳುತ್ತದೆ. ಇದು ಒಂಟಿಯಾಗಿ ನೀರು ತಾಳದು. ಆದ್ದರಿಂದ ಜೈವಿಕವಾಗಿ ಕೊಳೆಯುವ ಪಾಲಿಯೆಸ್ಟರ್‌ಗಳೊಂದಿಗೆ ಬೆರೆಸಿ ಚೀಲಗಳನ್ನು ತಯಾರಿಸಲಾಗುತ್ತದೆ. "ಜೋಳದ ಪಿಷ್ಟದ ಚೀಲ" ಎಂಬ ಹೆಸರಿನ ಎಲ್ಲ ಚೀಲಗಳೂ ಈ ಬಗೆಯವಲ್ಲ. ಸಾಧಾರಣ ಪಾಲಿಥೀನ್‌ಗೆ ಒಂದಿಷ್ಟು ಪಿಷ್ಟ ಬೆರೆಸಿದ ಚೀಲ ಮಣ್ಣಿನಲ್ಲಿ ಚೂರಾಗುತ್ತದೆ. ಪಿಷ್ಟ ಕೊಳೆತುಹೋಗಿ ಪಾಲಿಥೀನ್‌ನ ಸಣ್ಣ ಚೂರುಗಳು ಉಳಿಯುತ್ತವೆ. ಅಯೋಡಿನ್ ಹನಿ ಎರಡೂ ಬಗೆಯ ಚೀಲಗಳಲ್ಲಿ ಬಣ್ಣ ತೋರಿಸಬಹುದಾದ್ದರಿಂದ ಆ ಪರೀಕ್ಷೆ ಪಿಷ್ಟವಿರುವುದನ್ನು ಮಾತ್ರ ತಿಳಿಸುತ್ತದೆ. ಚೀಲ ಕೊಳೆಯುತ್ತದೆ ಎಂಬುದಕ್ಕೆ ಅದು ಪುರಾವೆಯಲ್ಲ.

ಈ ಸಂಬಂಧ ಗಮನಿಸಬೇಕಾದ ನಿಯಮಗಳು ಈ ಕೆಳಕಂಡಂತಿವೆ:

(ಅ) ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, 2016 ರಂತೆ ಮಿಶ್ರಗೊಬ್ಬರವಾಗುವ ಪ್ಲಾಸ್ಟಿಕ್ ಚೀಲಗಳು ಐಎಸ್/ಐಎಸ್‌ಒ 17088 ಮಾನದಂಡಕ್ಕೆ ಹೊಂದಬೇಕು. ಮಾರಾಟಕ್ಕೆ ಮುನ್ನ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆಯುವುದು ಕಡ್ಡಾಯ.

(ಆ) ಸಾಧಾರಣ ಪ್ಲಾಸ್ಟಿಕ್ ಕೈಚೀಲಗಳ ಕನಿಷ್ಠ ದಪ್ಪವನ್ನು 2021ರ ಸೆಪ್ಟೆಂಬರ್ 30 ರಿಂದ 75 ಮೈಕ್ರಾನ್‌ಗೂ, 2022ರ ಡಿಸೆಂಬರ್ 31 ರಿಂದ 120 ಮೈಕ್ರಾನ್‌ಗೂ ಏರಿಸಲಾಗಿದೆ. ಪ್ರಮಾಣೀಕೃತ ಮಿಶ್ರಗೊಬ್ಬರ ಚೀಲಗಳಿಗೆ ಈ ದಪ್ಪದ ಮಿತಿ ಅನ್ವಯಿಸುವುದಿಲ್ಲ.

(ಇ) ಗುರುತಿಸಲಾದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳನ್ನು ದೇಶದಾದ್ಯಂತ 2022ರ ಜುಲೈ 1 ರಿಂದ ನಿಷೇಧಿಸಲಾಗಿದೆ.

(ಈ) ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ ಮತ್ತಿತರ ವಸ್ತುಗಳ ನಿಷೇಧಕ್ಕೆ ಪ್ರತ್ಯೇಕ ಅಧಿಸೂಚನೆ ಹೊರಡಿಸಿದೆ. ಕೇಂದ್ರದ ನಿಯಮದಲ್ಲಿರುವ ವಿನಾಯಿತಿಯನ್ನಷ್ಟೇ ನಂಬಿ ಯಂತ್ರಕ್ಕೆ ಮುಂಗಡ ಪಾವತಿಸಬಾರದು; ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಲಿಖಿತ ಸ್ಪಷ್ಟೀಕರಣ ಪಡೆಯತಕ್ಕದ್ದು.

17088 ಮಾನದಂಡದ ಪ್ರಕಾರ ವಸ್ತುವು ನಿಯಂತ್ರಿತ ಮಿಶ್ರಗೊಬ್ಬರ ಸ್ಥಿತಿಯಲ್ಲಿ 180 ದಿನಗಳೊಳಗೆ ಶೇ. 90 ರಷ್ಟು ಜೈವಿಕವಾಗಿ ವಿಘಟನೆಯಾಗಬೇಕು. ಈ ಪರೀಕ್ಷೆ ಸುಮಾರು 58 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನಡೆಯುತ್ತದೆ. ಅಂತಹ ಶಾಖ ದೊಡ್ಡ ಗೊಬ್ಬರದ ಘಟಕಗಳಲ್ಲಿರುತ್ತದೆಯೇ ಹೊರತು ಚರಂಡಿಯಲ್ಲಿ ಅಥವಾ ಕೆರೆಯಲ್ಲಿರುವುದಿಲ್ಲ. ಪರೀಕ್ಷೆಗೆ ತಿಂಗಳುಗಳೇ ಹಿಡಿಯುವುದರಿಂದ, ಸಾಲದ ಕಂತು ಆರಂಭವಾಗುವ ದಿನಾಂಕವನ್ನು ಪ್ರಮಾಣಪತ್ರ ದೊರೆಯುವ ಕಾಲದೊಂದಿಗೆ ಹೊಂದಿಸಿಕೊಳ್ಳುವುದು ಅತ್ಯಗತ್ಯ. ಪ್ರಮಾಣಪತ್ರವಿಲ್ಲದೆ ತಯಾರಿಸಿದ ಸರಕನ್ನು ಮಾರುವಂತಿಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ.

7. ಕಚ್ಚಾವಸ್ತು

ಭಾರತದಲ್ಲಿ ಕೈಗಾರಿಕಾ ಪಿಷ್ಟದ ಮುಖ್ಯ ಮೂಲಗಳು ಮುಸುಕಿನ ಜೋಳ ಮತ್ತು ಮರಗೆಣಸು. ಒಣಗಿದ ಜೋಳದ ಕಾಳಿನಲ್ಲಿ ಸುಮಾರು ಶೇ. 70 ರಷ್ಟು ಪಿಷ್ಟವಿರುತ್ತದೆ. ಕರ್ನಾಟಕದಲ್ಲಿ ದಾವಣಗೆರೆ, ಹಾವೇರಿ ಮುಂತಾದ ಜಿಲ್ಲೆಗಳು ಜೋಳಕ್ಕೆ ಹೆಸರಾಗಿವೆ. ಗೋಕಾಕ ಮತ್ತು ಹಾವೇರಿ ಜಿಲ್ಲೆಯಲ್ಲಿ ದೊಡ್ಡ ಪ್ರಮಾಣದ ಪಿಷ್ಟದ ಕಾರ್ಖಾನೆಗಳು ಸ್ಥಾಪನೆಗೊಂಡಿವೆ. ಮರಗೆಣಸಿನ ಪಿಷ್ಟ ಮತ್ತು ಸಬ್ಬಕ್ಕಿಗೆ ನೆರೆಯ ತಮಿಳುನಾಡಿನ ಸೇಲಂ ಪ್ರಮುಖ ಕೇಂದ್ರ. ರಾಮನಗರ ಭಾಗದ ಪ್ರಧಾನ ಬೆಳೆಗಳಾದ ರಾಗಿ, ಹಿಪ್ಪುನೇರಳೆ, ಮಾವು ಮತ್ತು ತೆಂಗು ಕೈಗಾರಿಕಾ ಪಿಷ್ಟದ ವಾಡಿಕೆಯ ಮೂಲಗಳಲ್ಲ. ಮಾವಿನ ವಾಟೆಯೊಳಗಿನ ತಿರುಳಿನಲ್ಲಿ ಪಿಷ್ಟವಿರುವುದು ನಿಜವಾದರೂ ಅದರಲ್ಲಿ ಕೊಬ್ಬು ಮತ್ತು ಒಗರಿನ ಅಂಶಗಳೂ ಇರುವುದರಿಂದ ಬೇರ್ಪಡಿಸುವ ಖರ್ಚು ಹೆಚ್ಚು. ಈ ಕಾರಣಗಳಿಂದ ಸಣ್ಣ ಅರ್ಜಿದಾರರಿಗೆ ಪಿಷ್ಟವನ್ನು ತಯಾರಿಸುವುದಕ್ಕಿಂತ ತಯಾರಾದ ಪಿಷ್ಟವನ್ನು ಕೊಂಡು ಅಂಟು, ಪೆಟ್ಟಿಗೆ ಮೊದಲಾದವುಗಳನ್ನು ಮಾಡುವ ಘಟಕ ಹೆಚ್ಚು ಸೂಕ್ತ.

ಪಿಷ್ಟ ಖರೀದಿಸುವಾಗ ತೇವಾಂಶ, ಗಂಜಿಯ ಮಂದತೆ, ಆಮ್ಲೀಯತೆ ಮತ್ತು ಬೂದಿಯ ಪ್ರಮಾಣಗಳನ್ನು ತೋರಿಸುವ ಪರೀಕ್ಷಾ ಪತ್ರವನ್ನು ಪ್ರತಿ ತಂಡಕ್ಕೂ ಕೇಳಿ ಪಡೆಯಬೇಕು. ತೇವಾಂಶ ಹೆಚ್ಚಿದ್ದಷ್ಟೂ ಪಿಷ್ಟದ ಬೆಲೆಯಲ್ಲಿ ನೀರನ್ನು ಕೊಂಡಂತಾಗುತ್ತದೆ. ಮರಗೆಣಸಿನ ಪಿಷ್ಟದ ತಾಂತ್ರಿಕ ಮಾಹಿತಿಗೆ ತಿರುವನಂತಪುರದ ಶ್ರೀಕಾರ್ಯಂನಲ್ಲಿರುವ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯನ್ನು ಸಂಪರ್ಕಿಸಬಹುದು.

8. ಪರಿಸರ ಮತ್ತು ಸುರಕ್ಷತೆ

ಪಿಷ್ಟ ಸಹಜ ವಸ್ತುವಾದ್ದರಿಂದ ಅದರ ತೊಳೆನೀರಿನಿಂದ ಹಾನಿಯಿಲ್ಲ ಎಂಬ ತಿಳಿವಳಿಕೆ ತಪ್ಪು. ಗಂಜಿನೀರು ಕೆರೆ ಹೊಳೆಗಳನ್ನು ಸೇರಿದಾಗ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೀನುಗಳು ಸಾಯುತ್ತವೆ, ನೀರು ನಾರುತ್ತದೆ. ಹತ್ತಿ ಬಟ್ಟೆ ಸಂಸ್ಕರಣೆಯ ಒಟ್ಟು ಜೈವಿಕ ಆಮ್ಲಜನಕ ಬೇಡಿಕೆಯಲ್ಲಿ ದೊಡ್ಡ ಪಾಲು ಗಂಜಿ ತೆಗೆಯುವ ಹಂತದಿಂದಲೇ ಬರುತ್ತದೆ. ಸಾಮಾನ್ಯ ಮಾನದಂಡದಂತೆ ಸಂಸ್ಕರಿಸಿದ ನೀರಿನಲ್ಲಿ ಈ ಬೇಡಿಕೆಯು ಪ್ರತಿ ಲೀಟರಿಗೆ ಮೇಲ್ಮೈ ಜಲಮೂಲಕ್ಕೆ ಬಿಡುವಾಗ 30 ಮಿಲಿಗ್ರಾಂ, ನೀರಾವರಿಗೆ ಭೂಮಿಗೆ ಬಿಡುವಾಗ 100 ಮಿಲಿಗ್ರಾಂ ಮತ್ತು ಸಾರ್ವಜನಿಕ ಒಳಚರಂಡಿಗೆ ಬಿಡುವಾಗ 350 ಮಿಲಿಗ್ರಾಂ ಮೀರಬಾರದು.

ಅರ್ಕಾವತಿ ನದಿ ರಾಮನಗರದ ಮೂಲಕ ಹರಿದು ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರಿನ ಕೊಳಚೆಯನ್ನು ಹೊತ್ತು ತರುವ ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಕೆರೆಯ ಮೂಲಕ ಇದೇ ಅರ್ಕಾವತಿಗೆ ಸೇರುವುದರಿಂದ ಈ ಜಲಮೂಲಗಳ ಮೇಲಿನ ಹೊರೆ ಈಗಾಗಲೇ ಹೆಚ್ಚಾಗಿದೆ. ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶದಲ್ಲಿ ಕೈಗಾರಿಕೆಗಳ ಸ್ಥಾಪನೆಗೆ 2003ರಲ್ಲಿ ನಿರ್ಬಂಧಗಳನ್ನು ವಿಧಿಸಲಾಗಿದ್ದು, ತದನಂತರ ಅವುಗಳನ್ನು ಪರಿಷ್ಕರಿಸಲಾಗಿದೆ. ಮಾಗಡಿ ಭಾಗದ ಅರ್ಜಿದಾರರು ತಮ್ಮ ಸರ್ವೆ ನಂಬರು ಈ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ಜಮೀನು ಖರೀದಿಗೆ ಮೊದಲೇ ಪರಿಶೀಲಿಸತಕ್ಕದ್ದು.

ಗಾಳಿಯಲ್ಲಿ ತೇಲುವ ಒಣ ಪಿಷ್ಟದ ದೂಳು ಕಿಡಿ ತಗುಲಿದರೆ ಸ್ಫೋಟಿಸುತ್ತದೆ. ತೈವಾನ್‌ನ ಜಲಕ್ರೀಡಾ ಉದ್ಯಾನವೊಂದರಲ್ಲಿ 2015ರ ಜೂನ್‌ನಲ್ಲಿ ಜೋಳದ ಪಿಷ್ಟದ ಬಣ್ಣದ ಪುಡಿಯನ್ನು ಎರಚುತ್ತಿದ್ದಾಗ ಬೆಂಕಿ ಹತ್ತಿ 15 ಮಂದಿ ಮೃತಪಟ್ಟರು, ಸುಮಾರು 500 ಮಂದಿ ಗಾಯಗೊಂಡರು. ಪಿಷ್ಟ ಸುರಿಯುವ, ಜರಡಿ ಹಿಡಿಯುವ ಕೊಠಡಿಯಲ್ಲಿ ಬೀಡಿ, ಬೆಸುಗೆ ಮತ್ತು ತೆರೆದ ವಿದ್ಯುತ್ ತಂತಿಗಳಿಗೆ ಅವಕಾಶವಿರಬಾರದು. ದೂಳನ್ನು ಪ್ರತಿದಿನ ಒರೆಸಿ ತೆಗೆಯಬೇಕು. ಕಾಸ್ಟಿಕ್ ಸೋಡಾ ಬಳಸುವ ಕಾರ್ಮಿಕರಿಗೆ ಕೈಗವಸು ಮತ್ತು ಕಣ್ಣಿನ ರಕ್ಷಣೆ ಒದಗಿಸುವುದು ಮಾಲೀಕರ ಹೊಣೆ.

9. ಘಟಕ ಸ್ಥಾಪನೆಗೆ ಅನುಸರಿಸಬೇಕಾದ ಹಂತಗಳು

(1) ಯೋಜನಾ ವರದಿ: ಉತ್ಪನ್ನ, ಕೊಳ್ಳುವವರು, ಯಂತ್ರ, ನೀರು, ವಿದ್ಯುತ್ ಮತ್ತು ತ್ಯಾಜ್ಯ ನೀರಿನ ವಿಲೇವಾರಿಯ ವಿವರಗಳನ್ನು ಒಳಗೊಂಡಿರಬೇಕು.

(2) ಜಾಗ: ಸ್ವಂತ, ಬಾಡಿಗೆ ಅಥವಾ ಕೈಗಾರಿಕಾ ಪ್ರದೇಶದ ನಿವೇಶನ. ಕೃಷಿ ಜಮೀನಾದಲ್ಲಿ ಭೂ ಪರಿವರ್ತನೆಯ ಅಗತ್ಯವಿದೆಯೇ ಎಂಬುದನ್ನು ಕಂದಾಯ ಇಲಾಖೆಯಲ್ಲಿ ಖಚಿತಪಡಿಸಿಕೊಳ್ಳಬೇಕು.

(3) ಉದ್ಯಮ್ ನೋಂದಣಿ: 2020ರ ಜುಲೈ 1 ರಿಂದ ಜಾರಿಯಲ್ಲಿದೆ. ಆನ್‌ಲೈನ್ ಮೂಲಕ, ಸ್ವಯಂ ಘೋಷಣೆಯ ಆಧಾರದಲ್ಲಿ ಮಾಡಬಹುದು. ಸರ್ಕಾರಕ್ಕೆ ಯಾವುದೇ ಶುಲ್ಕವಿರುವುದಿಲ್ಲ. 2025ರ ಏಪ್ರಿಲ್ 1 ರಿಂದ ಯಂತ್ರೋಪಕರಣಗಳ ಹೂಡಿಕೆ 2.5 ಕೋಟಿ ರೂ. ಮತ್ತು ವಾರ್ಷಿಕ ವಹಿವಾಟು 10 ಕೋಟಿ ರೂ. ಮೀರದ ಘಟಕಗಳು ಅತಿ ಸಣ್ಣ ಉದ್ಯಮಗಳೆಂದು ಪರಿಗಣಿತವಾಗುತ್ತವೆ.

(4) ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ: ಜಲ ಕಾಯ್ದೆ 1974 ಮತ್ತು ವಾಯು ಕಾಯ್ದೆ 1981 ರಡಿ, ಘಟಕವು ಸೇರುವ ವರ್ಗಕ್ಕೆ ಅನುಗುಣವಾಗಿ ಸ್ಥಾಪನಾ ಸಮ್ಮತಿ ಮತ್ತು ಕಾರ್ಯಾಚರಣೆ ಸಮ್ಮತಿ ಪಡೆಯಬೇಕು.

(5) ಏಕಗವಾಕ್ಷಿ ಸಮಿತಿ: 15 ಕೋಟಿ ರೂ. ವರೆಗಿನ ಯೋಜನೆಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಏಕಗವಾಕ್ಷಿ ಅನುಮೋದನಾ ಸಮಿತಿಯ ಮುಂದೆ ಮಂಡಿಸಲಾಗುತ್ತದೆ. ಅರ್ಜಿಯನ್ನು ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ ಸಲ್ಲಿಸತಕ್ಕದ್ದು.

ಅರ್ಜಿಯಲ್ಲಿ ನಮೂದಿಸಬೇಕಾದ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣ (2008) ಸಂಖ್ಯೆಗಳು:

ಪಿಷ್ಟ ಮತ್ತು ಪಿಷ್ಟದ ಉತ್ಪನ್ನಗಳು: 1062
ನೇಯ್ಗೆ: 1312
ಬಟ್ಟೆಯ ಅಂತಿಮ ಸಂಸ್ಕರಣೆ: 1313
ಕೊರುಗೇಟೆಡ್ ರಟ್ಟು ಮತ್ತು ಪೆಟ್ಟಿಗೆ: 1702
ಅಂಟುಗಳು: 2029
ಪ್ಲಾಸ್ಟಿಕ್ ಉತ್ಪನ್ನಗಳು: 2220

ಸರಕಿನ ಶೀರ್ಷಿಕೆಯಲ್ಲಿ ಸಹಜ ಪಿಷ್ಟ 1108 ರಡಿಯೂ, ಡೆಕ್ಸ್‌ಟ್ರಿನ್ ಹಾಗೂ ಮಾರ್ಪಡಿಸಿದ ಪಿಷ್ಟಗಳು 3505 ರಡಿಯೂ ಬರುತ್ತವೆ. ಬಿಲ್ಲಿನಲ್ಲಿ ಇವೆರಡನ್ನು ಅದಲು ಬದಲು ಮಾಡಿದಲ್ಲಿ ತೆರಿಗೆಯ ವ್ಯಾಜ್ಯ ಉಂಟಾಗಬಹುದು.

10. ಸಾಲ ಮತ್ತು ಸಹಾಯಧನ

ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ 2008ರಲ್ಲಿ ಆರಂಭವಾಯಿತು. 2022ರ ಪರಿಷ್ಕೃತ ಮಾರ್ಗಸೂಚಿಯು 2025-26 ರವರೆಗಿನ ಅವಧಿಗೆ ಹೊರಡಿಸಲಾದುದಾಗಿದ್ದು, ಅದರಂತೆ ತಯಾರಿಕಾ ಘಟಕಗಳ ಗರಿಷ್ಠ ಯೋಜನಾ ವೆಚ್ಚ 50 ಲಕ್ಷ ರೂ. ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಗ್ರಾಮಾಂತರದಲ್ಲಿ ಶೇ. 25, ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತಿತರ ವಿಶೇಷ ವರ್ಗದವರಿಗೆ ಕ್ರಮವಾಗಿ ಶೇ. 25 ಮತ್ತು ಶೇ. 35 ಸಹಾಯಧನ ನಿಗದಿಯಾಗಿದೆ. ಅರ್ಜಿ ಸಲ್ಲಿಸುವ ದಿನದಂದು ಚಾಲ್ತಿಯಲ್ಲಿರುವ ಮಾರ್ಗಸೂಚಿಯನ್ನು ಕೇಂದ್ರದಲ್ಲಿ ವಿಚಾರಿಸಿಕೊಳ್ಳಬೇಕು.

ಉದಾಹರಣೆ: ಗ್ರಾಮಾಂತರ ಪ್ರದೇಶದಲ್ಲಿ ಮಹಿಳೆಯೊಬ್ಬರು 20 ಲಕ್ಷ ರೂ. ವೆಚ್ಚದ ರಟ್ಟಿನ ಪೆಟ್ಟಿಗೆ ಘಟಕಕ್ಕೆ ಸದರಿ ಮಾರ್ಗಸೂಚಿಯಡಿ ಅರ್ಜಿ ಸಲ್ಲಿಸಿದರೆ, ಸ್ವಂತ ವಂತಿಗೆ ಶೇ. 5 ರಂತೆ 1 ಲಕ್ಷ ರೂ., ಬ್ಯಾಂಕ್ ಮಂಜೂರಾತಿ 19 ಲಕ್ಷ ರೂ., ಸಹಾಯಧನ 7 ಲಕ್ಷ ರೂ. ಈ 7 ಲಕ್ಷ ರೂ. ಅರ್ಜಿದಾರರ ಕೈಗೆ ನಗದಾಗಿ ಬರುವುದಿಲ್ಲ. ಬ್ಯಾಂಕಿನಲ್ಲಿ ಮೂರು ವರ್ಷಗಳ ಕಾಲ ಠೇವಣಿಯಾಗಿದ್ದು, ಘಟಕ ನಡೆಯುತ್ತಿರುವುದು ಪರಿಶೀಲನೆಯಲ್ಲಿ ದೃಢಪಟ್ಟ ನಂತರ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ನಡುವೆ ಘಟಕ ಮುಚ್ಚಿದಲ್ಲಿ ಸಹಾಯಧನ ಕೈತಪ್ಪುವುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯಲ್ಲಿಯೇ ಪಿಷ್ಟದ ಅಂಟು ತಯಾರಿಸಿ ಮಾರಬಹುದೇ?
ಉತ್ತರ: ಸಣ್ಣ ಪ್ರಮಾಣದ ಕಾಗದದ ಅಂಟನ್ನು ತಯಾರಿಸಬಹುದು. ಸ್ಥಳೀಯ ಸಂಸ್ಥೆಯ ಪರವಾನಗಿ ಮತ್ತು ಮಂಡಳಿಯ ನಿಯಮಗಳು ಅನ್ವಯಿಸುತ್ತವೆ. ಆಮ್ಲ ಬಳಸಿ ಹುರಿಯುವ ಡೆಕ್ಸ್‌ಟ್ರಿನ್ ತಯಾರಿಕೆಯನ್ನು ವಾಸದ ಮನೆಯಲ್ಲಿ ಕೈಗೊಳ್ಳಬಾರದು.

ಪ್ರಶ್ನೆ: ಯಂತ್ರ ಮಾರುವವರೇ ಪ್ರಮಾಣಪತ್ರ ಕೊಡಿಸುವುದಾಗಿ ಹೇಳಿದರೆ ಸಾಕೇ?
ಉತ್ತರ: ಸಾಲದು. ಮಿಶ್ರಗೊಬ್ಬರ ಚೀಲದ ಪ್ರಮಾಣಪತ್ರ ಯಂತ್ರಕ್ಕೆ ಸಂಬಂಧಿಸಿದುದಲ್ಲ. ತಯಾರಕರು ತಮ್ಮ ಹೆಸರಿನಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪಡೆಯಬೇಕು.

ಪ್ರಶ್ನೆ: ಉದ್ಯಮ್ ನೋಂದಣಿಗೆ ಮಧ್ಯವರ್ತಿಗಳು ಹಣ ಕೇಳುತ್ತಾರೆ. ಕೊಡಬೇಕೇ?
ಉತ್ತರ: ಬೇಕಾಗಿಲ್ಲ. ನೋಂದಣಿ ಉಚಿತ. ನೆರವು ಬೇಕಾದವರು ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದು.

12. ಅರ್ಜಿಯೊಂದಿಗೆ ಸಲ್ಲಿಸಬೇಕಾದ ದಾಖಲೆಗಳು

ಆಧಾರ್ ಮತ್ತು ಪ್ಯಾನ್ ಪ್ರತಿ, ಯೋಜನಾ ವರದಿ, ಯಂತ್ರಗಳ ದರಪಟ್ಟಿ, ಜಾಗದ ದಾಖಲೆ ಅಥವಾ ಬಾಡಿಗೆ ಕರಾರು, ವಿದ್ಯಾರ್ಹತೆಯ ಪ್ರಮಾಣಪತ್ರ, ಅನ್ವಯಿಸಿದಲ್ಲಿ ಜಾತಿ ಪ್ರಮಾಣಪತ್ರ ಮತ್ತು ಗ್ರಾಮಾಂತರ ಪ್ರದೇಶದ ದೃಢೀಕರಣ. ದರಪಟ್ಟಿ ಪಡೆಯುವುದಕ್ಕೆ ಮುಂಗಡ ನೀಡುವ ಅಗತ್ಯವಿಲ್ಲ. ಸಾಲ ಮಂಜೂರಾಗಿ, ಅಗತ್ಯವಿರುವ ಸ್ಥಾಪನಾ ಸಮ್ಮತಿ ದೊರೆತ ನಂತರವೇ ಯಂತ್ರ ಖರೀದಿಗೆ ಮುಂದಾಗುವಂತೆ ಅರ್ಜಿದಾರರಿಗೆ ಸಲಹೆ ನೀಡಲಾಗಿದೆ.